ನಡುವೆ ಯಾರು ನಿಲ್ಲಬೇಕು?

ಕಾನ್ವೆಂಟಿನಲ್ಲಿ ಓದಿದ ಸೊಸೆಗೆ ಅತ್ತೆಮನೆಯಲ್ಲಿ ಒಂದು ತೂಕವಿರುತ್ತದೆ. ಔಷಧಿ ಶೀಷೆಯ ಮೇಲಿನ ಸಣ್ಣಕ್ಷರಗಳಿಂದ ಹಿಡಿದು ಇನ್ಶೂರೆನ್ಸ್ ಕಾಗದದವರೆಗೆ ಎಲ್ಲವೂ ನನ್ನ ಕೈಗೇ ಬರುತ್ತಿದ್ದವು. ಹಾಗಾಗಿ ನಮ್ಮವರು ಸ್ನೇಹಿತರಿಂದ ಹಳೆಯ ರೀಲ್ ಕ್ಯಾಮೆರಾ ಒಂದನ್ನು ಕೆ.ಆರ್. ಪೇಟೆಯ ನಮ್ಮ ಮನೆಗೆ ತಂದಾಗ, ಅದೂ ನನ್ನ ವಶಕ್ಕೇ ಬಂತು. ಜೊತೆಗೊಂದು ಇಂಗ್ಲಿಷ್ ಪುಸ್ತಕ. ಮೂರು ಸಲ ಓದಿದೆ. ಮುಖ್ಯವಾದದ್ದನ್ನು ನಡುವೆ ಇರಿಸಿ, ಕಿಂಡಿಯಲ್ಲಿ ನೋಡಿ, ಗುಂಡಿ ಒತ್ತಿ. ಇಷ್ಟಕ್ಕೆ ಸ್ಟುಡಿಯೋದವರು ಕಪ್ಪು ಬಟ್ಟೆ, ಛತ್ರಿ, ದೀಪ ಅಂತ ಯಾಕಾದರೂ ಒದ್ದಾಡುತ್ತಾರೋ ಎನಿಸಿತು.

ಆ ಹೊತ್ತಿಗೇ ನಮ್ಮ ಮನೆಯಲ್ಲೊಂದು ಶಾಂತಿ ಸಮ್ಮೇಳನ ನಿಗದಿಯಾಗಿತ್ತು. ತಮ್ಮ ತಾಯಿಯ ತಾಮ್ರದ ಹಂಡೆ ಯಾರಿಗೆ ಸೇರಬೇಕೆಂದು ಜಗಳವಾಡಿ, ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಮೂವರು ಅಕ್ಕತಂಗಿಯರು ನನ್ನ ಮಗಳ ಕಿವಿ ಚುಚ್ಚಿಸುವ ದಿನ ಸೇರುವವರಿದ್ದರು. ದೇವಲಾಪುರದ ದೊಡ್ಡತ್ತೆ, ಬಾಬುರಾಯನಕೊಪ್ಪಲಿನ ಚಿಕ್ಕತ್ತೆ, ಮತ್ತು ಹಂಡೆಯನ್ನು ಇಟ್ಟುಕೊಂಡಿರುವ ನಮ್ಮತ್ತೆ.

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. "ಮೂವರೂ ಒಟ್ಗಿರೋ ಪಟ ಒಂದೂ ಇಲ್ಲ ಕಣವ್ವ. ಮತ್ತೆ ಯಾವತ್ತು ಮುನಿಸ್ಕತೀವೋ, ಅಷ್ಟ್ರೊಳ್ಗೆ ಒಂದು ತೆಗ್ದುಬುಡು."

"ಆಯ್ತು ಅತ್ತೆ, ಅದೇನು ಮಹಾ."

"ಮೊದ್ಲು ಪೂಜೆ ಮಾಡು. ಮನೆಗೆ ಬಂದಿರೋ ಹೊಸ ಸಾಮಾನು."

ನಮ್ಮ ಮನೆಯಲ್ಲಿ ಸ್ಕೂಟರೂ ಹೊಲಿಗೆ ಮೆಷಿನ್ನೂ ಕುಂಕುಮವಿಲ್ಲದೆ ಕೆಲಸ ಶುರು ಮಾಡಿದ್ದಿಲ್ಲ. ನಾನೂ ಒದ್ದೆ ಕುಂಕುಮದ ಬೊಟ್ಟಿಟ್ಟು, ಹೂವೇರಿಸಿ ಕೈಮುಗಿದೆ. ಆಮೇಲೆ ನೋಡುವ ಕಿಂಡಿಯನ್ನು ಸೆರಗಿನಿಂದ ಫಳಫಳ ಹೊಳೆಯುವಂತೆ ಒರೆಸಿದೆ. ಶುಚಿ ಮುಖ್ಯ ನೋಡಿ.

ಹಿತ್ತಲಿನ ಕನಕಾಂಬರದ ಮುಂದೆ ಮೂವರೂ ನಿಂತರು. ನಿಂತರು ಎನ್ನುವುದು ತಪ್ಪು.

"ನಡೂಕೆ ದೊಡ್ಡೋಳು ನಿಂತ್ಕಬೇಕು," ಎಂದರು ದೊಡ್ಡತ್ತೆ.

"ಮನೆ ನಂದು," ಎಂದರು ನಮ್ಮತ್ತೆ.

"ಅಂಡೇನೂ ನಿಂದೇ, ನಡೂಕಿನ ಜಾಗಾನೂ ನಿಂದೇ ಮಾಡ್ಕಬುಡು," ಎಂದರು ಚಿಕ್ಕತ್ತೆ.

ಸಮ್ಮೇಳನ ಮುರಿದುಬೀಳುವುದರಲ್ಲಿತ್ತು. ನಾನು ತೀರ್ಪು ಕೊಟ್ಟೆ. ಮೂರು ಫೋಟೊ, ಒಂದೊಂದರಲ್ಲಿ ಒಬ್ಬೊಬ್ಬರು ನಡುವೆ. ಮೂವರೂ ಒಪ್ಪಿದರು. ನಮ್ಮವರು, "ಪರವಾಗಿಲ್ವೇ, ಓದಿದ್ದು ದಂಡ ಆಗ್ಲಿಲ್ಲ," ಎಂದರು. ಉಬ್ಬಿಹೋಗಿ, ಉಳಿದ ರೀಲನ್ನು ಮಗಳ ಅಳು, ಒಬ್ಬಟ್ಟಿನ ತಟ್ಟೆ, ಸೀಮೆಹಸುವಿನ ಮುಖಕ್ಕೆಲ್ಲ ಧಾರಾಳವಾಗಿ ಹಂಚಿದೆ. ಎಲ್ಲವೂ ಪುಸ್ತಕ ಹೇಳಿದಂತೆ, ನಟ್ಟನಡುವೆ.

ವಾರದ ನಂತರ, ರೀಲು ತೊಳೆಯಲು ಕೊಟ್ಟಿದ್ದ ಸ್ಟುಡಿಯೋದ ರಫೀಕ್ ಸಾಹೇಬರು ಫೋಟೊಗಳ ಲಕೋಟೆ ಕೊಡುತ್ತಾ ನನ್ನ ಮುಖವನ್ನೇ ನೋಡಿದರು.

"ಅಕ್ಕಾ, ಕ್ಯಾಮೆರಾ ತಂದಿದ್ದೀರಾ? ಜರಾ ಕೊಡಿ."

ತಿರುಗಿಸಿ ತೋರಿಸಿದರು. ಅದರ ಮುಖದ ನಡುವಿನ ದುಂಡನೆಯ ಗಾಜಿನ ಮೇಲೆ, ಒಣಗಿ ಗಟ್ಟಿಯಾಗಿ, ನಾನಿಟ್ಟ ಬೊಟ್ಟು.

"ನಾನು ನೋಡುವಾಗ ಎಲ್ಲ ಸರಿಯಾಗಿ ಕಾಣುತ್ತಿತ್ತಲ್ಲ," ಎಂದೆ.

"ನೀವು ನೋಡಿದ್ದು ಈ ಕಿಂಡೀಲಿ ಅಕ್ಕಾ. ಅದು ನೋಡೋದು ಆ ಗಾಜಲ್ಲಿ."

ಆ ಗಾಜು ಅಲಂಕಾರಕ್ಕೆ ಎಂದುಕೊಂಡಿದ್ದೆ. ಪುಸ್ತಕದಲ್ಲಿ ಅದರ ಮೇಲೆ ಬೆರಳಿಡಬೇಡಿ ಎಂದಿತ್ತು, ಕುಂಕುಮದ ವಿಷಯ ಬರೆದಿರಲಿಲ್ಲ.

ಮನೆಯಲ್ಲಿ ಮೂವರೂ ಫೋಟೊಗಾಗಿಯೇ ಮತ್ತೆ ಬಂದು ಕಾಯುತ್ತಿದ್ದರು.

"ನಾನೆಲ್ಲವ್ವ?" ಎಂದರು ದೊಡ್ಡತ್ತೆ, ತಾವು ನಡುವೆ ನಿಂತಿದ್ದ ಫೋಟೊ ಹಿಡಿದು.

"ನಡುವೆ ಇದ್ದೀರಿ ದೊಡ್ಡತ್ತೆ. ಆ ಕೆಂಪು ಮೋಡದ ಹಿಂದೆ."

"ನಾನು?" ಎಂದರು ಅತ್ತೆ.

"ಎರಡನೇ ಮೋಡ."

ಚಿಕ್ಕತ್ತೆ ಮೂರನೆಯ ಫೋಟೊವನ್ನು ತಿರುಗಿಸಿ ಅದರ ಬೆನ್ನು ನೋಡಿದರು. ನಾನು ಕುಂಕುಮದ ಕಥೆ ಒಪ್ಪಿಸಿದೆ.

"ಇದೇ ಏನೇ ನೀನು ಓದವ್ಳೆ ಅಂತಿದ್ದ ಸೊಸೆ?" ಎಂದರು ದೊಡ್ಡತ್ತೆ.

"ಪೂಜೆ ಮಾಡು ಅಂದೆ ಕಣಕ್ಕ, ಅದ್ರ ಕಣ್ಣು ಮುಚ್ಚು ಅನ್ಲಿಲ್ಲ," ಎಂದರು ಅತ್ತೆ.

ಚಿಕ್ಕತ್ತೆ ಮೊದಲು ಕಿಸಕ್ಕೆಂದರು. ಆಮೇಲೆ ಮೂವರೂ ಒಬ್ಬರ ಭುಜಕ್ಕೊಬ್ಬರು ಒರಗಿಕೊಂಡು, ಕಣ್ಣೀರು ಒರೆಸಿಕೊಳ್ಳುತ್ತಾ ಸಂಜೆವರೆಗೂ ನಕ್ಕರು. ಹಂಡೆಯ ಸುದ್ದಿ ಯಾರೂ ಎತ್ತಲಿಲ್ಲ. ಅದಕ್ಕಿಂತ ಒಳ್ಳೆಯ ವಿಷಯ ಸಿಕ್ಕಿತ್ತಲ್ಲ.

ಮರುದಿನ ಮೂವರೂ ರಫೀಕ್ ಸಾಹೇಬರ ಸ್ಟುಡಿಯೋಗೇ ಹೊರಟರು, ಚೀಲ ಹಿಡಿಯಲು ನಾನು. ನಡುವೆ ಯಾರು ಎಂಬ ಪ್ರಶ್ನೆ ಮತ್ತೆ ಬಂತು. ಈ ಸಲ ಮೂವರಲ್ಲಿ ಯಾರಿಗೂ ಆ ಜಾಗ ಬೇಡ.

"ಇವಳ್ನೇ ನಿಲ್ಸಿ," ಎಂದರು ದೊಡ್ಡತ್ತೆ. "ಮೋಡ ಬಂದ್ರೆ ಇವಳ ಮೇಲೇ ಬರ್ಲಿ."

ಆ ಫೋಟೊ ಈಗ ನಮ್ಮ ನಡುಮನೆಯಲ್ಲಿದೆ. ಮೂವರೂ ಸೊಗಸಾಗಿ ಬಂದಿದ್ದಾರೆ. ನಟ್ಟನಡುವೆ ನಾನೂ ಸ್ಪಷ್ಟವಾಗಿಯೇ ಬಂದಿದ್ದೇನೆ. ಕಣ್ಣು ಮಾತ್ರ ಮುಚ್ಚಿದೆ.