ಮಿತ್ಸೋ ಮನೆಯಲ್ಲಿ ಈ ವರ್ಷ ಹಬ್ಬವಿಲ್ಲ

ಎಲ್ಲ ಶುರುವಾಗಿದ್ದು ಊರಿನ ವಾರಪತ್ರಿಕೆಯಲ್ಲಿ ಬಂದ ಎರಡು ಸಾಲಿನಿಂದ. ಆ ಎರಡು ಸಾಲನ್ನು ಬರೆದುಕೊಟ್ಟವನು ಮಿತ್ಸೋ ತಾನೇ, ಹಾಗಾಗಿ ಬೇರೆಯವರನ್ನು ಬೈಯುವಂತೆಯೂ ಇರಲಿಲ್ಲ. ಅವನ ಪೂರ್ತಿ ಹೆಸರು ದಿಮಿತ್ರಿ. ನಮ್ಮ ಎಲಸೋನ ಊರಿನಲ್ಲಿ ಅವನನ್ನು ಹಾಗೆ ಕರೆಯುವವರು ಬ್ಯಾಂಕಿನವರು ಮಾತ್ರ.

ಅಕ್ಟೋಬರ್ ಇಪ್ಪತ್ತಾರು ಸಂತ ದಿಮಿತ್ರಿಯ ದಿನ. ಅಂದರೆ ಆ ಹೆಸರು ಹೊತ್ತವರೆಲ್ಲರ ಹಬ್ಬ. ನಮ್ಮಲ್ಲಿ ಹುಟ್ಟಿದ ದಿನವನ್ನು ಸ್ವಂತ ಹೆಂಡತಿ ಮರೆತರೂ ಸಂಸಾರ ನಡೆಯುತ್ತದೆ, ಹೆಸರಿನ ಹಬ್ಬ ಮರೆತರೆ ನಡೆಯುವುದಿಲ್ಲ. ಈ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಸಂಜೆ ಬಾಗಿಲು ತೆರೆದು, ಕುರ್ಚಿ ಹಾಕಿ, ತಟ್ಟೆಯಲ್ಲಿ ಸಿಹಿ ಜೋಡಿಸಿಕೊಂಡು ಕೂತರಾಯಿತು. ಬರುವವರು ಬರುತ್ತಾರೆ, "ನೂರ್ಕಾಲ ಬಾಳು" ಅನ್ನುತ್ತಾರೆ, ತಿನ್ನುತ್ತಾರೆ, ಹೋಗುತ್ತಾರೆ. ಕರೆಯದೆ ಎಷ್ಟು ಜನ ಬಂದರು ಅನ್ನುವುದರ ಮೇಲೆಯೇ ಊರಿನಲ್ಲಿ ಮನುಷ್ಯನ ತೂಕ.

ಮಿತ್ಸೋ ಪುರಸಭೆಯ ನೀರಿನ ಕಚೇರಿಯಲ್ಲಿ ಇದ್ದಷ್ಟು ಕಾಲ ಅವನ ತೂಕ ಚೆನ್ನಾಗಿಯೇ ಇತ್ತು. ಹೊಸ ನಲ್ಲಿ ಬೇಕಾದವರೆಲ್ಲ ಅವನ ಹಬ್ಬಕ್ಕೆ ತಪ್ಪದೆ ಬರುತ್ತಿದ್ದರು. ಮನೆಯ ಹದಿನೆಂಟು ಕುರ್ಚಿ ಸಾಲದೆ ಪಕ್ಕದ ಮನೆಯ ಫ್ರೋಸೋಳಿಂದ ಎರವಲು ತರಬೇಕಾಗುತ್ತಿತ್ತು. ನಿವೃತ್ತನಾದ ವರ್ಷ ಹನ್ನೆರಡು ಜನ ಬಂದರು, ಮರುವರ್ಷ ಐದು. ಹೋದ ವರ್ಷ ಒಬ್ಬ ಬಂದ. ಎರಡು ಸಿಹಿ ತಿಂದು, ಒಂದು ಲೋಟ ಬ್ರಾಂಡಿ ಕುಡಿದು, ಔಷಧಿ ಅಂಗಡಿಯ ದಿಮಿತ್ರಿಯವರು ಎಲ್ಲಿ, ಕಾಣುತ್ತಿಲ್ಲವಲ್ಲ ಎಂದು ಕೇಳಿದ. ಅವರದು ಮೇಲಿನ ಮಹಡಿ. ಮಿತ್ಸೋ ತಾನೇ ಅವನನ್ನು ಮೆಟ್ಟಿಲ ತನಕ ಬಿಟ್ಟು ಬಂದ. ಸುಳ್ಳೇಕೆ, ನಾನೂ ಹೋಗಿರಲಿಲ್ಲ. ಮಿತ್ಸೋನದು ಮೂರನೇ ಮಹಡಿ, ಲಿಫ್ಟ್ ಇಲ್ಲ, ನನಗೆ ಮೊಣಕಾಲು ನೋವು.

ಅವನ ಹೆಂಡತಿ ಅರೆತಿ ಆ ಕುರ್ಚಿಗಳನ್ನೆಲ್ಲ ಒಂದೊಂದಾಗಿ ಒಳಗಿಟ್ಟಳು. ಮಕ್ಕಳಿಲ್ಲದ ಮನೆ, ಕೈ ಹಾಕಲು ಇನ್ನೊಬ್ಬರಿಲ್ಲ. ಮುಂದಿನ ವರ್ಷ ಇದನ್ನು ತನ್ನ ಕೈಯಲ್ಲಿ ನೋಡಲಾಗುವುದಿಲ್ಲ, ಎಲ್ಲಿಗಾದರೂ ಕರೆದುಕೊಂಡು ಹೋಗು ಎಂದಳು. ಮದುವೆಯಾಗಿ ಮೂವತ್ನಾಲ್ಕು ವರ್ಷದಲ್ಲಿ ಇಬ್ಬರೂ ಸೇರಿ ಒಂದು ಊರು ನೋಡಿದ್ದಿರಲಿಲ್ಲ. ಥೆಸ್ಸಲೊನೀಕಿಗೆ ಹೋಗುವುದೆಂದು ತೀರ್ಮಾನವಾಯಿತು. ಅದು ಸಂತ ದಿಮಿತ್ರಿಯದೇ ಊರು ಅನ್ನುವುದು ಬಸ್ಸಿನ ಟಿಕೆಟ್ ತೆಗೆದ ಮೇಲೆ ಇಬ್ಬರಿಗೂ ನೆನಪಾಯಿತು.

ಹಾಗೆಂದು ಸುಮ್ಮನೆ ಬೀಗ ಹಾಕಿಕೊಂಡು ಹೋಗುವಂತಿಲ್ಲ. ಜನ ಬಂದು ಬೀಗ ನೋಡಿದರೆ ಮರ್ಯಾದೆಯಲ್ಲ. ಜನ ಬರದೇ ಹೋದರಂತೂ ಬೀಗಕ್ಕೂ ಮರ್ಯಾದೆಯಿಲ್ಲ. ಹಬ್ಬ ಮಾಡದವರು ಪತ್ರಿಕೆಯಲ್ಲಿ ಮೊದಲೇ ತಿಳಿಸುವುದು ನಮ್ಮ ಕಡೆ ಹಳೆಯ ಕ್ರಮ. ಮಿತ್ಸೋ ಚೀಟಿಯಲ್ಲಿ ಚೆಂದವಾಗಿ ಬರೆದ: "ನೀರಿನ ಕಚೇರಿಯಲ್ಲಿದ್ದ ಶ್ರೀ ದಿಮಿತ್ರಿಯವರ ಮನೆಯಲ್ಲಿ ಈ ವರ್ಷ ಹಬ್ಬವಿಲ್ಲ. ಬಂಧುಮಿತ್ರರು ಮನ್ನಿಸಬೇಕು." ಓದಿದವರು ಈ ಮನುಷ್ಯನಿಗೆ ಎಷ್ಟು ಜನ ಬಂಧುಮಿತ್ರರಪ್ಪಾ ಅಂದುಕೊಳ್ಳಬೇಕು ಎಂದು ಅವನ ಲೆಕ್ಕ.

ಪತ್ರಿಕೆಯ ಸ್ತೆರ್ಯೋ ಚೀಟಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಎದ್ದು ಬಂದು ಮಿತ್ಸೋನ ಕೈ ಹಿಡಿದುಕೊಂಡ. ಬಹಳ ಹೊತ್ತು ಬಿಡಲಿಲ್ಲ. ದುಡ್ಡು ಕೊಡಲು ಹೋದರೆ, "ಇಂಥದ್ದಕ್ಕೆಲ್ಲ ನಾನು ತಗೊಳ್ಳಲ್ಲ ಮಿತ್ಸೋ," ಅಂದ. ಒಂದು ಕಾಲದಲ್ಲಿ ಅವನ ಅಚ್ಚುಕೂಟಕ್ಕೆ ನಲ್ಲಿ ಹಾಕಿಸಿಕೊಟ್ಟಿದ್ದನ್ನು ಇನ್ನೂ ಮರೆತಿಲ್ಲವಲ್ಲ ಎಂದು ಮಿತ್ಸೋನ ಮನಸ್ಸು ತುಂಬಿಬಂತು.

ಅದೇ ಹುರುಪಿನಲ್ಲಿ ಕಾಫಿ ಅಂಗಡಿಗೆ ಹೋಗಿ, ಎಲ್ಲರಿಗೂ ಕೇಳುವಂತೆ ಹೇಳಿದ: "ಅರೆತೀನ ಥೆಸ್ಸಲೊನೀಕಿಗೆ ಕರ್ಕೊಂಡು ಹೋಗ್ತಿದೀನಿ. ಇನ್ನೂ ತಡ ಮಾಡಿದ್ರೆ ಚೆನ್ನಾಗಿರಲ್ಲ." ಅಂಗಡಿ ಒಂದು ಗಳಿಗೆ ಸುಮ್ಮನಾಯಿತು. ಯಾರೋ ಅವನ ಕಾಫಿಯ ದುಡ್ಡನ್ನೂ ಕೊಟ್ಟರು. ಹೊಟ್ಟೆಕಿಚ್ಚಿಗೆ ಮಾತು ಹೊರಡುತ್ತಿಲ್ಲ ಎಂದುಕೊಂಡು ಮಿತ್ಸೋ ಮನೆಗೆ ಬಂದ. ಗಿಡಕ್ಕೆ ನೀರು ಹಾಕಲೆಂದು ಅರೆತಿ ಫ್ರೋಸೋಳಿಗೆ ಬೀಗದ ಕೈ ಕೊಟ್ಟಳು. ಯಾಕೆ ಹೋಗುತ್ತಿದ್ದೇವೆ ಎಂದು ಹೇಳಲು ನಾಚಿಕೆಯಾಗಿ, ಕಣ್ಣಲ್ಲಿ ನೀರು ತಂದುಕೊಂಡು ಸುಮ್ಮನೆ ಬಂದಳು. ಮರುದಿನ ಬೆಳಕು ಹರಿಯುವ ಮೊದಲಿನ ಬಸ್ಸಿಗೆ ಗಂಡ ಹೆಂಡತಿ ಹೊರಟರು. ಪತ್ರಿಕೆ ಮನೆಮನೆಗೆ ಬಂದದ್ದು ಅದಾದ ಮೇಲೆ.

ಹಬ್ಬದ ಬೆಳಿಗ್ಗೆ ಹೋಟೆಲಿನ ಕನ್ನಡಿಯ ಮುಂದೆ ಮಿತ್ಸೋ ಬೇಕೆಂದೇ ನಿಧಾನವಾಗಿ ಗಡ್ಡ ಬೋಳಿಸಿಕೊಂಡ. ಕಪ್ಪು ಕೋಟು ಹಾಕಿ ಎರಡು ಸಲ ಕೆಮ್ಮಿದ. ಅರೆತಿ ಚೀಲಕ್ಕೆ ನೀರಿನ ಬಾಟಲಿ ತುಂಬುತ್ತಿದ್ದಳು.

"ಇವತ್ತು ಇಪ್ಪತ್ತಾರು," ಅಂದ.

"ಗೊತ್ತು. ಹಬ್ಬ ಇಲ್ಲ ಅಂತ ಪೇಪರ್‌ನಲ್ಲಿ ಹಾಕ್ಸಿದ್ದು ನೀನೇ ತಾನೇ? ನಾನು ಬಾಯಿ ಬಿಡಲ್ಲ."

ಮಿತ್ಸೋ ಮೊಬೈಲನ್ನು ಕೋಟಿನ ಮೇಲು ಜೇಬಿಗೆ, ಎದೆಗೆ ತಾಗುವಂತೆ ಇಟ್ಟುಕೊಂಡ. ಮನೆಗೆ ಬರದವರು ಫೋನಿನಲ್ಲಾದರೂ ಹಾರೈಸುತ್ತಾರೆ. ಅಥೆನ್ಸಿನಲ್ಲಿರುವ ಚಿಕ್ಕಪ್ಪನ ಮಗ ಪ್ರತಿ ವರ್ಷ ಎಂಟು ಗಂಟೆಗೆ, ಅರೆತಿಯ ತಮ್ಮ ಒಂಬತ್ತಕ್ಕೆ. ಎಂಟಾಯಿತು, ಒಂಬತ್ತಾಯಿತು, ಜೇಬು ಮಿಸುಕಲಿಲ್ಲ.

ತಿಂಡಿಗೆ ಕೂತ ಅಂಗಡಿಯಲ್ಲಿ ಮಾಣಿ ಬಂದಾಗ ಮಿತ್ಸೋ ನಾಚಿಕೆ ಬಿಟ್ಟು, ತನ್ನ ಹೆಸರು ದಿಮಿತ್ರಿ ಎಂದು ಕೇಳದೆಯೇ ಹೇಳಿದ. ಮಾಣಿ ಮೇಜು ಒರೆಸುತ್ತಲೇ, "ನಾನೂ ಅದೇ. ಮಾಲೀಕರೂ ಅದೇ. ಆ ಮೂಲೇಲಿ ಕೂತಿರೋ ಮೂವರಲ್ಲಿ ಇಬ್ಬರು," ಎಂದು, ತಿಂಡಿಯ ಮೇಲೆ ಚಕ್ಕೆ ಪುಡಿ ಹಾಕಲೇ ಎಂದು ಕೇಳಿದ. ಆ ಊರಿನಲ್ಲಿ ಆ ದಿನ ನಾನು ದಿಮಿತ್ರಿ ಅನ್ನುವುದು ನನಗೂ ಮೂಗಿದೆ ಅಂದ ಹಾಗೆ.

ಆಮೇಲೆ ಬೇಕರಿಯ ಮುಂದೆ ಅವನ ಕಾಲು ತಾನಾಗಿ ನಿಂತಿತು. ಹಬ್ಬದವನು ಸಿಹಿ ಹಂಚಬೇಕಲ್ಲ. ಬಾದಾಮಿಯ ಬಿಸ್ಕತ್ತು, ಮೇಲೆ ಒಂದು ಬೆರಳು ದಪ್ಪ ಸಕ್ಕರೆ ಪುಡಿ, ಒಂದು ಕೆಜಿಯ ಡಬ್ಬಿ. ಯಾರಿಗೆ ಇದೆಲ್ಲ ಎಂದು ಅರೆತಿ ಕೇಳಿದಳು. ನನಗೇ, ತಿನ್ನಬೇಕು ಅನಿಸಿತು ಎಂದ. ಸಕ್ಕರೆ ಕಾಯಿಲೆಯ ಮನುಷ್ಯ ಒಂದು ಕೆಜಿ ಸಿಹಿ ಹೊತ್ತುಕೊಂಡು ಊರು ನೋಡಲು ಹೊರಟ.

ಬಿಳಿ ಗೋಪುರವನ್ನು ತುದಿಯ ತನಕ ಹತ್ತಿದರು. ಅರೆತಿ ಸಮುದ್ರ ನೋಡಿದಳು, ಹಡಗು ನೋಡಿದಳು. ದೂರದಲ್ಲಿ ಒಲಿಂಪಸ್ ಬೆಟ್ಟ ಕಾಣುತ್ತಿತ್ತು, ಅದರ ಬೆನ್ನ ಹಿಂದೆಯೇ ನಮ್ಮೂರು. ಮಿತ್ಸೋ ಎತ್ತರದಲ್ಲಿ ಸಿಗ್ನಲ್ ಚೆನ್ನಾಗಿ ಸಿಗಬಹುದೆಂದು ಮೊಬೈಲನ್ನು ತಲೆಯ ಮೇಲೆ ಹಿಡಿದು ನಿಂತ. ಪಕ್ಕದಲ್ಲಿದ್ದ ಜರ್ಮನ್ ದಂಪತಿ ಫೋಟೋ ತೆಗೆದುಕೊಡಲು ಕೇಳುತ್ತಿದ್ದಾನೆಂದು ತಿಳಿದು, ಅವನ ಕೈಯಿಂದ ಮೊಬೈಲ್ ಇಸಿದುಕೊಂಡು ಗಂಡ ಹೆಂಡತಿಯ ಫೋಟೋ ತೆಗೆದುಕೊಟ್ಟರು. ಅದರಲ್ಲಿ ಅರೆತಿ ನಗುತ್ತಿದ್ದಾಳೆ, ಮಿತ್ಸೋ ಮೊಬೈಲಿನತ್ತಲೇ ನೋಡುತ್ತಿದ್ದಾನೆ.

ಮಧ್ಯಾಹ್ನ ಸಂತ ದಿಮಿತ್ರಿಯ ದೇವಾಲಯ. ಅಲ್ಲಿ ಜನವೋ ಜನ. ಬಾಗಿಲ ಬಳಿ ಒಬ್ಬ ಮುದುಕಿ ಸಾಲಿನಲ್ಲಿ ನಿಂತ ಗಂಡಸರನ್ನು ಹೆಸರು ಕೇಳಿ ಕೇಳಿ ಹಾರೈಸುತ್ತ ಬರುತ್ತಿದ್ದಳು. ಅವಳು ನಾಲ್ಕು ಜನ ಆಚೆ, ಈಗ ಮೂರು ಜನ ಆಚೆ. ಮಿತ್ಸೋ ಡಬ್ಬಿಯ ಮುಚ್ಚಳ ತೆಗೆದು ಸಿದ್ಧನಾದ. ಅಷ್ಟರಲ್ಲಿ ಜನಜಂಗುಳಿಯಲ್ಲಿ ಹಿಂದೆ ಬಿದ್ದ ಅರೆತಿ, ಗಂಡ ಕಾಣದೆ, ಗಾಬರಿಯಲ್ಲಿ ಪೂರ್ತಿ ಹೆಸರು ಹಿಡಿದು "ದಿಮಿತ್ರೀ" ಎಂದು ಗಂಟಲು ಹರಿಯುವಂತೆ ಕೂಗಿದಳು. ನಲವತ್ತು ಗಂಡಸರು ಒಟ್ಟಿಗೆ ಹಿಂದಕ್ಕೆ ತಿರುಗಿದರು. ಆ ನಲವತ್ತರ ನಡುವೆ ಸಿಕ್ಕಿ ಡಬ್ಬಿ ಅಪ್ಪಚ್ಚಿಯಾಯಿತು. ಸಕ್ಕರೆ ಪುಡಿ ಮೇಲಕ್ಕೆದ್ದು ಮಿತ್ಸೋನ ಕಪ್ಪು ಕೋಟು, ಮೀಸೆ, ಹುಬ್ಬು ಎಲ್ಲದರ ಮೇಲೆ ಇಳಿಯಿತು. ಮುದುಕಿ ಅವನ ಮುಂದೆ ಬಂದು ನಿಂತು, ಅಡಿಯಿಂದ ಮುಡಿಯ ತನಕ ನೋಡಿ, ಸುಣ್ಣ ಬಳಿಯುವವನು ಕೆಲಸದ ಬಟ್ಟೆಯಲ್ಲೇ ಬಂದಿದ್ದಾನೆಂದು ಮುಖ ತಿರುಗಿಸಿ ಮುಂದಿನವನಿಗೆ ಹಾರೈಸಿದಳು.

ಅರೆತಿ ಎಲ್ಲೂ ಕಾಣಲಿಲ್ಲ. ಪೊಲೀಸಿನವನನ್ನು ಕೇಳಿದರೆ ಅವನು, "ನಿಮ್ಮ ಹೆಸರು ಹೇಳೋದು ಬೇಡ, ಅದು ಗೊತ್ತು. ಹೆಂಡ್ತೀದು ಹೇಳಿ," ಅಂದ. ತಾನೇ ಫೋನು ಮಾಡಿದರೆ ಆ ಹೊತ್ತಿಗೇ ಯಾರಾದರೂ ಹಾರೈಸಲು ಮಾಡಿಯಾರೆಂದು ಲೈನು ಖಾಲಿ ಬಿಟ್ಟು, ಒಂದೂವರೆ ಗಂಟೆ ಮಿತ್ಸೋ ಬೀದಿ ಬೀದಿ ಅಲೆದ. ಎಲ್ಲ ಕಿಟಕಿಗಳ ಹಿಂದೆ ನಗು, ಎಲ್ಲ ಬಾಗಿಲುಗಳಲ್ಲಿ ಸಿಹಿಯ ಪೊಟ್ಟಣ ಹಿಡಿದವರು. ಇಡೀ ಊರಿಗೆ ತನ್ನ ಹೆಸರಿಟ್ಟು, ತನ್ನೊಬ್ಬನನ್ನು ಹೊರಗೆ ನಿಲ್ಲಿಸಿದಂತೆ ಅವನಿಗನಿಸಿತು. ಆಗ ಎದೆಯ ಮೇಲೆ ಮೊಬೈಲ್ ಗುರ್ ಎಂದಿತು. ಮೂರು ಸಲ ತಪ್ಪು ಗುಂಡಿ ಒತ್ತಿ, ಕಡೆಗೆ ಕಿವಿಗೆ ಹಿಡಿದ.

"ಎಲ್ಲಿ ಸತ್ತಿದ್ದೀಯ?" ಅಂದಳು ಅರೆತಿ. "ಸಮುದ್ರದ ದಡದಲ್ಲಿ ಕೂತಿದೀನಿ, ಬಾ. ಕಾಲು ಬಿದ್ದು ಹೋಗಿದೆ."

ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತಾಗ ಸಂಜೆ ಆರು. ಸೂರ್ಯ ಕೆಂಪಗಾಗಿ ನೀರಿನ ಕಡೆ ಇಳಿಯುತ್ತಿದ್ದ. ಹಬ್ಬದ ಮನೆಗಳಲ್ಲಿ ಬಾಗಿಲು ತೆರೆಯುವ ಹೊತ್ತು. ಇಡೀ ದಿನದಲ್ಲಿ ಅವನಿಗೆ ಬಂದದ್ದು ಹೆಂಡತಿಯ ಒಂದು ಫೋನು.

"ಇದು ಕೆಟ್ಟಿರಬೇಕು," ಎಂದು ಮಿತ್ಸೋ ಮೊಬೈಲನ್ನು ಅಲುಗಾಡಿಸಿದ.

"ನಾನು ಮಾಡಿದಾಗ ಬಂತಲ್ಲ."

"ಊರಿಗೆ ಹೋಗುತ್ತೋ ಇಲ್ವೋ ನೋಡ್ಬೇಕು."

ಊರಿನಲ್ಲಿ ಯಾರಿಗೆ ಮಾಡುವುದು? ಹಬ್ಬದವನೇ ಫೋನು ಮಾಡಿ ಹಾರೈಕೆ ಬೇಡಿದ ಅಂತಾಗಬಾರದು. ಯೋಚಿಸಿ, ಯಾರೂ ಎತ್ತುವುದಿಲ್ಲವೆಂದು ಖಾತ್ರಿಯಿದ್ದ ಒಂದೇ ನಂಬರಿಗೆ ಹಚ್ಚಿದ. ಅದು ಅವನ ಮನೆಯದು. ಖಾಲಿ ಕೋಣೆಯಲ್ಲಿ ಗಂಟೆ ಬಾರಿಸುವುದನ್ನು ಕೇಳಿದರೆ ಸಾಕಿತ್ತು ಅವನಿಗೆ.

ಮೂರನೇ ಸಲ ಗಂಟೆ ಬಾರಿಸಿದಾಗ ಯಾರೋ ಎತ್ತಿದರು. ಹಿಂದೆ ಕುರ್ಚಿ ಎಳೆಯುವ ಸದ್ದು, ಲೋಟದ ಸದ್ದು, ಹತ್ತಾರು ಜನರ ಮಾತು.

"ಇದು ಮಿತ್ಸೋ ಮನೆ ತಾನೇ?" ಎಂದು ಮಿತ್ಸೋ ಅನುಮಾನದಿಂದ ಕೇಳಿದ.

"ಹೌದು. ನೀವು ಯಾರು?"

"ನಾನು ಮಿತ್ಸೋ."

ಎತ್ತಿದವಳು ಫ್ರೋಸೋ. ಮನೆ ತುಂಬ ಜನ, ತಾನೇ ಬೀಗ ತೆಗೆದು ಕೂರಿಸಿದ್ದೇನೆ, ತನ್ನ ಮನೆಯ ಕುರ್ಚಿ ತಂದರೂ ಸಾಲದೆ ಹದಿನೈದು ಜನ ನಿಂತಿದ್ದಾರೆ ಎಂದಳು. ಯಾರು ಯಾರು ಎಂದು ಮಿತ್ಸೋ ಕೇಳಿದ. ಮೇಯರು, ಪೋಸ್ಟ್ ಮಾಸ್ತರು, ಪತ್ರಿಕೆಯ ಸ್ತೆರ್ಯೋ, ಅರೆತಿಯ ತಮ್ಮ, ಅಥೆನ್ಸಿನಿಂದ ಚಿಕ್ಕಪ್ಪನ ಮಗ, ತನ್ನ ಹಬ್ಬ ಬಿಟ್ಟು ಮೇಲಿನ ಮನೆಯ ದಿಮಿತ್ರಿ, ನೀರಿನ ಕಚೇರಿಯವರು ಒಬ್ಬರೂ ಬಿಡದೆ. ಮಿತ್ಸೋನ ಕಣ್ಣಿನಿಂದ ಇಳಿದ ನೀರು ಕೆನ್ನೆಯ ಸಕ್ಕರೆಯಲ್ಲಿ ಎರಡು ದಾರಿ ಮಾಡಿತು. "ಎಲ್ರೂ ಬಂದಿದಾರೆ ಅರೆತಿ," ಅಂದ. "ಬೇಡ ಅಂದ್ರೂ ಬಂದಿದಾರೆ."

"ಬರದೆ ಇರ್ತಾರಾ," ಅಂದಳು ಫ್ರೋಸೋ. "ಎಷ್ಟು ಹೊತ್ತಿಗೆ ತರ್ತೀಯ ಮಿತ್ಸೋ? ಪಾದ್ರಿಗಳು ಕಾಯ್ತಿದಾರೆ."

"ಏನನ್ನ?"

"ಅರೆತೀನ."

ನಮ್ಮೂರಿನಲ್ಲಿ ಈಗ ಆ ಎರಡು ಸಾಲು ಹಾಕಿಸುವವರು ಮನೆಯಲ್ಲಿ ಸಾವಾದವರು ಮಾತ್ರ. ಮಿತ್ಸೋನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಖಾಲಿ ಕುರ್ಚಿಗಳ ಅವಮಾನದಲ್ಲಿ ಅವನಿಗೆ ಬೇರೇನೂ ಹೊಳೆದಿರಲಿಲ್ಲ. ಕಾಫಿ ಅಂಗಡಿಯವರು ಥೆಸ್ಸಲೊನೀಕಿಯ ದೊಡ್ಡಾಸ್ಪತ್ರೆ ಎಂದುಕೊಂಡರು, ಪತ್ರಿಕೆ ಓದಿದವರು ಮುಗಿಯಿತು ಎಂದುಕೊಂಡರು. ಸತ್ತವರ ಮನೆಗೆ ಫೋನು ಮಾಡುವ ಪದ್ಧತಿಯಿಲ್ಲ, ಎದುರಿಗೆ ಹೋಗಿ ಕೈ ಹಿಡಿಯಬೇಕು. ಅಂಥ ಮನೆಯಲ್ಲಿ ನೂರ್ಕಾಲ ಬಾಳು ಎಂದು ಯಾರು ಹೇಳುತ್ತಾರೆ? ಎಲ್ಲರಿಗೂ ಅವನ ಹಬ್ಬ ನೆನಪಿತ್ತು, ಎಲ್ಲರೂ ನುಂಗಿಕೊಂಡು ಕೂತಿದ್ದೆವು. ಹೌದು, ನಾನೂ ಹೋಗಿದ್ದೆ. ಅದೇ ಮೊಣಕಾಲಿನಲ್ಲಿ ಮೂರು ಮಹಡಿ ಹತ್ತಿದ್ದೆ.

ಮಿತ್ಸೋನ ಕೈಯಿಂದ ಅರೆತಿ ಮೊಬೈಲ್ ಕಸಿದುಕೊಂಡಳು. "ಫ್ರೋಸೋ, ನಾನು ಸತ್ತಿಲ್ಲ ಕಣೇ. ನಮ್ಮೂರ ಬೇಕರಿಯವಳೂ ಬಂದಿದಾಳಾ?"

ಫ್ರೋಸೋ ರಿಸೀವರನ್ನು ಮೇಜಿನ ಮೇಲೆ ಕೈಬಿಟ್ಟಳು. ಆಮೇಲೆ ನಮ್ಮ ಕಡೆ ತಿರುಗಿ ವಿಷಯ ಹೇಳಿದಳು. ಮೊದಲು ಯಾರೂ ನಂಬಲಿಲ್ಲ. ಆಮೇಲೆ ಬೇಕರಿಯವಳು, ಹಾಗಾದರೆ ತಾನು ಅಂಗಡಿ ಮುಚ್ಚಿ ಬಂದದ್ದು ಯಾವ ಪುರುಷಾರ್ಥಕ್ಕೆ ಎಂದು ಕೇಳಿದಳು. ಮೇಯರು ಬ್ರಾಂಡಿಯ ಲೋಟವನ್ನು ಕೆಳಗಿಟ್ಟರು. "ಅವನು ಇನ್ನೂ ಲೈನಲ್ಲೇ ಇದಾನೆ," ಅಂದಳು ಫ್ರೋಸೋ. "ಇವತ್ತು ಅವನ ಹಬ್ಬ. ಬಂದಿದ್ದೀರಲ್ಲ, ಯಾರಾದ್ರೂ ಒಂದು ಮಾತು ಹೇಳಿ."

ಒಂದು ಗಂಟೆ ಅತ್ತು ಮುಗಿಸಿದ ನಮಗೆ ಮೋಸ ಹೋದೆವೆಂಬ ಸಿಟ್ಟು. ಒಬ್ಬೊಬ್ಬರಾಗಿ ಎದ್ದೆವು. ಅರೆತಿಯ ತಮ್ಮನೂ ಎದ್ದ. ನಾನು ರಿಸೀವರಿನ ಪಕ್ಕದಲ್ಲೇ ಹಾದು ಬಂದೆ, ಬಗ್ಗಿ ಎರಡು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಚೆ ಥೆಸ್ಸಲೊನೀಕಿಯ ದಡದಲ್ಲಿ ಮಿತ್ಸೋ ಮೊಬೈಲನ್ನು ಕಿವಿಗೆ ಒತ್ತಿಕೊಂಡೇ ಇದ್ದ. ಕುರ್ಚಿ ಸರಿದ ಸದ್ದು ಕೇಳಿತು. ಮೆಟ್ಟಿಲು ಇಳಿಯುವ ಹೆಜ್ಜೆಗಳು ಕೇಳಿದವು, ಬಹಳ ಹೊತ್ತು. ಕೊನೆಯ ಹೆಜ್ಜೆಯೂ ನಿಂತ ಮೇಲೆ ಫ್ರೋಸೋ ಬಂದು ರಿಸೀವರ್ ಇಟ್ಟಳು.

"ಬಂದವರೆಲ್ಲ ನಿನಗೋಸ್ಕರ ಬಂದಿದ್ರು," ಅಂದ ಮಿತ್ಸೋ. "ನನಗಲ್ಲ."

ಅರೆತಿಗೆ ಅದರಲ್ಲಿ ಸ್ವಲ್ಪ ಸಂತೋಷವೂ ಇತ್ತು, ಅದನ್ನು ಅಡಗಿಸಿಕೊಂಡು ಸಮುದ್ರದ ಕಡೆ ನೋಡಿದಳು. ಆಮೇಲೆ ಅವಳ ಮುಖ ಇಳಿಯಿತು. "ಇನ್ನು ನಾನು ನಿಜವಾಗಿ ಸತ್ರೂ ಯಾರೂ ಬರಲ್ಲ ಮಿತ್ಸೋ. ಅಷ್ಟೂ ಕುರ್ಚಿ ಮಧ್ಯೆ ನೀನೊಬ್ಬನೇ ಕೂತಿರ್ತೀಯ."

ಮಿತ್ಸೋ ಆ ಕೋಣೆಯನ್ನು ಕಣ್ಣ ಮುಂದೆ ತಂದುಕೊಂಡ. ಡಬ್ಬಿಯ ಚೂರುಗಳಲ್ಲಿ ಹುಡುಕಿ, ಮುರಿಯದೆ ಉಳಿದ ಒಂದೇ ಒಂದು ಬಿಸ್ಕತ್ತನ್ನು ಅವಳ ಕೈಗಿಟ್ಟ.

"ಹಾಗಾದ್ರೆ ನೀನೇ ನೂರ್ಕಾಲ ಬಾಳು ಮಾರಾಯ್ತಿ," ಅಂದ.

ಅರೆತಿ ಬಿಸ್ಕತ್ತು ಬಾಯಿಗೆ ಹಾಕಿಕೊಂಡು, ಅವನ ಕೋಟಿನ ಮೇಲಿನ ಸಕ್ಕರೆಯನ್ನು ಅಂಗೈಯಿಂದ ಒರೆಸತೊಡಗಿದಳು. ಒರೆಸಿದಷ್ಟೂ ಅದು ಹರಡುತ್ತಿತ್ತು.