ಎರಡು ಬೆರಳು ಹೆಚ್ಚು

ಗಂಡ ಅರ್ಧಕ್ಕೆ ಬಿಟ್ಟುಹೋದ ಗಾಡಿಯನ್ನು ನಾನೇ ಮುಗಿಸುತ್ತೇನೆ ಎಂದು ನೆಂಟರೆಲ್ಲ ಕೂತಿದ್ದಾಗ ಘೋಷಣೆ ಮಾಡಿಬಿಟ್ಟೆ. ದಂಡೆತ್ತಿ ಹೊರಟ ರಾಣಿಯ ದನಿಯಲ್ಲಿ! ನಾನು ಓದಿದ್ದು ಮೂರನೇ ಕ್ಲಾಸು. ಕಸುಬು ಹೊಲಿಗೆ. ಆದರೇನು? ನಮ್ಮ ಬೀದಿಯ ಅರ್ಧ ಜನ ನಾನು ಹೊಲಿದ ಅಂಗಿ ತೊಟ್ಟು ಓಡಾಡುತ್ತಾರೆ. ಯಾರ ತೋಳೂ ಇನ್ನೂ ಕಳಚಿ ಬಿದ್ದಿಲ್ಲ. ಓಡಾಡುವ ಮನುಷ್ಯನಿಗೇ ಅಂಗಿ ಹೊಲಿದವಳಿಗೆ, ನಿಂತಲ್ಲೇ ನಿಂತಿರುವ ಗಾಡಿಗೊಂದು ಪೆಟ್ಟಿಗೆ ಮಾಡಿಸುವುದು ಯಾವ ಮಹಾ!

ಗಾಡಿ ಎಂದರೆ ಯಾವ ಗಾಡಿ ಅಂತ ಹೇಳಬೇಕು. ನಮ್ಮವರು ಮೆಕ್ಯಾನಿಕ್. ಹಳೆಯ ಜೀಪಿನ ಹಿಂದೆ ಕಟ್ಟಿ ಎಳೆಯಲು ಕಬ್ಬಿಣದ ಗಾಡಿಯೊಂದನ್ನು ತಾವೇ ಮಾಡಿದ್ದರು. ಕಲ್ಲು, ಹಳ್ಳ, ಮರಳು ಯಾವುದಕ್ಕೂ ಜಗ್ಗದ ದಪ್ಪ ಚಕ್ರಗಳು. ಮೇಲೆ ಮರದ ಪೆಟ್ಟಿಗೆಯೊಂದು ಬರಬೇಕಿತ್ತು. ಒಳಗೆ ಹಾಸಿಗೆ, ಒಲೆ, ಕಿಟಕಿ. ಬೇಕಾದ ಕಡೆ ನಿಲ್ಲಿಸಿ, ಪೆಟ್ಟಿಗೆಯ ನಾಲ್ಕು ಮೂಲೆಗೆ ಕಬ್ಬಿಣದ ಕಾಲು ಹಾಕಿ ಹಿಡಿ ತಿರುಗಿಸಿದರೆ ಪೆಟ್ಟಿಗೆ ಮೇಲೇಳುತ್ತದೆ. ಅಡಿಯಿಂದ ಗಾಡಿಯನ್ನು ಎಳೆದುಕೊಂಡು ಹೋಗಬಹುದು. ಮನೆ ಅಲ್ಲೇ ನಿಂತಿರುತ್ತದೆ, ಕೊಕ್ಕರೆಯ ಹಾಗೆ.

"ನದಿ ದಂಡೇಲಿ ನಿಲ್ಲಿಸಿ ಮಧ್ಯಾಹ್ನ ಒಂದು ನಿದ್ದೆ ಹೊಡೀಬೇಕು ಕಣೇ" ಅನ್ನುತ್ತಿದ್ದರು.

"ಅದಕ್ಕೆ ಮನೇನೇ ಹೊತ್ಕೊಂಡು ಹೋಗ್ಬೇಕಾ? ಚಾಪೆ ಸಾಲದಾ?"

"ನಿನ್ನ ಗೊರಕೆಗೆ ಗೋಡೆ ಬೇಕಲ್ಲ!"

ಗಾಡಿ ಆಯಿತು. ಕಾಲುಗಳಾದವು. ಪೆಟ್ಟಿಗೆಯ ಅಳತೆಗೆ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ನನ್ನನ್ನು ಅದರೊಳಗೆ ಮಲಗಿಸಿ, ಪಕ್ಕದಲ್ಲಿ ತಾವೂ ಮಲಗಿ, "ಸಾಕಾ?" ಅಂದರು. "ಸಾಕು" ಅಂದೆ. ಅಷ್ಟೇ. ಆ ವಾರವೇ ಅವರ ಎದೆಬಡಿತ ನಿಂತಿತು. ಗೆರೆ ಉಳಿಯಿತು. ಶೆಡ್ಡಿಗೆ ನಾನು ಪೊರಕೆ ತಾಗಿಸಲಿಲ್ಲ.

ಈಗ ನಾದಿನಿಯ ಪ್ರವೇಶ. ನಮ್ಮವರ ತಂಗಿ, ಶಾಲೆಯ ವ್ಯಾನ್ ಓಡಿಸುತ್ತಾಳೆ. ಮೈಕೈ ತುಂಬಿಕೊಂಡ ಹೆಂಗಸು. ಬಾಯಿ ಇನ್ನೂ ತುಂಬಿಕೊಂಡಿದೆ.

"ಅತ್ತಿಗೆ, ನನ್ನ ವ್ಯಾನು ಬಿಸಿಲಲ್ಲಿ ಹಪ್ಪಳ ಆಗ್ತಿದೆ. ಶೆಡ್ ಬಿಟ್ಕೊಡಿ. ಆ ಗಾಡೀನ ಗುಜರಿಗೆ ಹಾಕಿ."

"ಹಾಕಲ್ಲ."

"ದಿನಾ ಅದರೆದುರು ಕೂತ್ಕೊಂಡು ಊಟ ಬಿಡ್ತೀರಿ. ಅಣ್ಣ ಎದ್ದು ಬರ್ತಾನಾ?"

"ಬಂದರೆ ಗಾಡಿ ಎಲ್ಲಿ ಅಂತ ಕೇಳ್ತಾರೆ."

ಅವಳು ಗಾಡಿಯ ಚಕ್ರಕ್ಕೆ ಕಾಲಿನಿಂದ ಒಮ್ಮೆ ತಟ್ಟಿದಳು. ಆಮೇಲೆ ಶರತ್ತು ಹಾಕಿದಳು. "ಶಾಲೆ ರಜೆ ಮುಗಿಯೋದ್ರೊಳಗೆ ಅದು ಪೆಟ್ಟಿಗೆ ಹೊತ್ತು ನದಿಗೆ ಹೋಗ್ಬೇಕು. ಅಲ್ಲಿ ನೆಟ್ಟಗೆ ನಿಲ್ಬೇಕು. ನಿಂತರೆ ನಿಮ್ಮದು. ಬಿದ್ದರೆ ಗುಜರಿಯವನದು."

"ಆಗಲಿ!" ಅಂದೆ. ರಾಣಿಯರು ಹಾಗೇ ಅನ್ನುವುದು.

ಕಾಗದದ ಮೇಲೆ ಲೆಕ್ಕ ಹಾಕುವುದು ನನಗೆ ಬಾರದು. ನನಗೆ ಬರುವುದು ಕಾಗದವನ್ನೇ ಕತ್ತರಿಸುವುದು. ಹಳೆಯ ಪತ್ರಿಕೆಗಳನ್ನು ಅಂಟಿಸಿ, ಸೀಮೆಸುಣ್ಣದ ಗೆರೆಯ ಮೇಲೆ ಹಾಸಿ, ತಳ, ಗೋಡೆ, ಚಾವಣಿ ಎಲ್ಲದಕ್ಕೂ ಅಂಗಿಗೆ ಮಾಡುವಂತೆ ನಮೂನೆ ಕತ್ತರಿಸಿದೆ. ಬಡಗಿಯ ಕೈಗೆ ಕೊಟ್ಟು, "ಇದರಂತೆ ಹಲಗೆ ಕೊಯ್ಯಿ. ಕೂದಲೆಳೆ ಹೆಚ್ಚುಕಮ್ಮಿ ಆಗಕೂಡದು" ಎಂದೆ. ಅವನು ಕೂದಲೆಳೆ ಹೆಚ್ಚುಕಮ್ಮಿ ಮಾಡಲಿಲ್ಲ. ಅದೇ ಆದದ್ದು ಗ್ರಹಚಾರ.

ಪೆಟ್ಟಿಗೆಯನ್ನು ಬೀದಿಯ ಗಂಡಸರೆಲ್ಲ ಸೇರಿ ಎತ್ತಿ ಗಾಡಿಯ ಮೇಲೆ ಇಳಿಸಿದರು. ಅದು ಎರಡು ಚಕ್ರಗಳ ನಡುವೆ ಇಳಿಯಬೇಕು. ಇಳಿಯಲಿಲ್ಲ. ಚಕ್ರದ ಮೇಲೇ ಕೂತು ನಮ್ಮನ್ನು ನೋಡಿತು.

"ಅಕ್ಕಾ, ಕೂರ್ತಿಲ್ಲ ಇದು" ಎಂದ ಬಡಗಿ.

"ಸ್ವಲ್ಪ ಒತ್ತಪ್ಪ."

"ಒತ್ತಿದ್ರೆ ಕುಗ್ಗೋಕೆ ಇದೇನು ಉಣ್ಣೆನಾ?"

ಅವನು ನನ್ನ ಕಾಗದವನ್ನು ನೆಲದ ಗೆರೆಯ ಮೇಲೆ ಹಾಸಿ ನೋಡಿದ. "ಸುತ್ತ ಎರಡೆರಡು ಬೆರಳು ಹೆಚ್ಚಿದೆಯಲ್ಲಕ್ಕಾ!"

"ಹೊಲಿಗೆಗೆ ಬಿಟ್ಟಿದ್ದು" ಎಂದೆ.

ಬಡಗಿ ಸುತ್ತಿಗೆ ಕೆಳಗಿಟ್ಟ.

ನೀವೇ ಹೇಳಿ. ನಮ್ಮ ಕಸುಬಿನಲ್ಲಿ ಅಳತೆಗೆ ಸರಿಯಾಗಿ ಕತ್ತರಿಸುವವರು ದಡ್ಡರು. ಮಗು ಬೆಳೆಯುತ್ತದೆ, ಗಂಡಸಿಗೆ ಹೊಟ್ಟೆ ಬರುತ್ತದೆ. ನಾಳೆ ಬಿಚ್ಚಿ ಅಗಲ ಮಾಡಲು ಒಳಗೆ ಬಟ್ಟೆ ಇರಬೇಕು. ಎರಡು ಬೆರಳು ಬಿಡುವುದು ನನ್ನ ಕತ್ತರಿಗೆ ಅಭ್ಯಾಸ. ತಲೆಯನ್ನು ಕೇಳಿಯೇ ಬಿಡಬೇಕು ಅಂತಿಲ್ಲ. ಬಿಟ್ಟಿತು!

ನಾದಿನಿ ನಕ್ಕಳು. ಹೊಟ್ಟೆ ಹಿಡಿದು ನಕ್ಕಳು, ಗೋಡೆ ಹಿಡಿದು ನಕ್ಕಳು, ಕೊನೆಗೆ ಬಡಗಿಯನ್ನೇ ಹಿಡಿದು ನಕ್ಕಳು. "ಅತ್ತಿಗೆ, ಇದಕ್ಕೆ ಗುಂಡಿ ಮುಂದೆ ಹಾಕ್ತೀರೋ ಹಿಂದೆ ಹಾಕ್ತೀರೋ?"

ಅಣ್ಣ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ.

"ಸುತ್ತ ಕೊಯ್ದುಬಿಡ್ಲಾ?" ಎಂದ ಬಡಗಿ.

"ಬೇಡ. ಬಿಟ್ಟದ್ದನ್ನ ಕತ್ತರಿಸಿ ನನಗೆ ಗೊತ್ತಿಲ್ಲ."

ಅವನು ಗಾಡಿಯ ಮೇಲೆ ಎರಡು ತೊಲೆ ಕೂರಿಸಿ, ಪೆಟ್ಟಿಗೆಯನ್ನು ಚಕ್ರಕ್ಕಿಂತ ಎತ್ತರಕ್ಕೇರಿಸಿದ. ನಾಲ್ಕು ತುಂಡು ಹಲಗೆ ಕೊಟ್ಟು, "ಕಾಲು ಪೂರ್ತಿ ಚಾಚಬೇಕಾಗುತ್ತೆ ಅಕ್ಕಾ. ಮರಳಲ್ಲಿ ಪ್ರತಿ ಕಾಲಿನ ಕೆಳಗೂ ಒಂದೊಂದು ಇಡಿ. ಮರೀಬೇಡಿ. ನಾಳೆ ಸಂಜೆ ಆ ಕಡೆ ಬರೋದಿದೆ, ಬಂದು ನೋಡ್ತೀನಿ" ಎಂದ.

ನಾನು ಮರೆಯುವವಳೇ?

ಮರುದಿನ ಹೊರಡುವ ಮೊದಲು ನಾದಿನಿ ಒಳಗೆ ಇಣುಕಿದಳು. ಎರಡು ದಿಂಬು ಕಂಡವು.

"ಮಲಗೋರು ಒಬ್ಬರು. ಇಷ್ಟಗಲ ಯಾಕೆ?"

"ಹೊರಳಾಡೋಕೆ."

ಅವಳು ಹೋಗಿ ಜೀಪಿನ ಸ್ಟೀರಿಂಗ್ ಹಿಡಿದು ಕೂತಳು.

ನದಿಯ ದಾರಿಯಲ್ಲಿ ನಮ್ಮ ಪೆಟ್ಟಿಗೆ ಹೊಟ್ಟೆ ತುಂಬಿದ ಆನೆಯಂತೆ ತೊನೆಯುತ್ತ ಬಂತು. ಹಳ್ಳಕ್ಕೆ ಇಳಿಯಿತು, ಏರಿತು. ನಮ್ಮವರ ಚಕ್ರ ಎಲ್ಲಿಯೂ ಸೋಲಲಿಲ್ಲ. "ಕನ್ನಡೀಲಿ ನೋಡಿದ್ರೆ ಹಿಂದೆ ಮನೆ ಅಟ್ಟಿಸ್ಕೊಂಡು ಬರ್ತಿದೆ ಅತ್ತಿಗೆ!" ಎಂದು ನಾದಿನಿ ಕಿರುಚಿದಳು. ದಂಡೆ ತಲುಪಿ, ಕಾಲು ಹಾಕಿ, ಒಂದೊಂದಾಗಿ ಹಲಗೆ ಇಟ್ಟೆವು. ಮೂರು ಕಾಲಿಗೆ ಮೂರು.

"ನಾಲ್ಕನೇದು?"

ನಾಲ್ಕನೆಯದು ಮನೆಯಲ್ಲಿತ್ತು. ಬೆಳಿಗ್ಗೆ ಕಿಟಕಿಯ ಪರದೆ ಇಸ್ತ್ರಿ ಮಾಡಲು ಅದನ್ನೇ ಹಾಸಿಕೊಂಡಿದ್ದೆ. ಎಷ್ಟು ನುಣುಪಾದ ಹಲಗೆ! ಅಲ್ಲೇ ಬಿಟ್ಟು ಬಂದಿದ್ದೆ.

"ಚೀಲದಲ್ಲಿ ನನ್ನ ಗುಂಡಿ ಡಬ್ಬ ಇದೆಯಲ್ಲ. ತಗಡಿಂದು, ಗಟ್ಟಿ" ಎಂದೆ.

ಬಾಗಿಲ ಕಡೆಯ ಕಾಲಿನ ಕೆಳಗೆ ಗುಂಡಿ ಡಬ್ಬ ಇಟ್ಟೆವು. ಪೆಟ್ಟಿಗೆ ನಿಂತಿತು. ನೆಟ್ಟಗೆ! ನಾದಿನಿ ಗಾಡಿಯನ್ನು ಅಡಿಯಿಂದ ಎಳೆದುಕೊಂಡಳು. ಮೆಟ್ಟಿಲು ಮಾಡಿಸಿಲ್ಲವೆಂದು ಆಗ ನೆನಪಾಯಿತು. ಅವಳು ನನ್ನನ್ನು ಮೂಟೆಯಂತೆ ಒಳಗೆ ತಳ್ಳಿ, ರಸ್ತೆ ಬದಿಯ ನಲ್ಲಿಯಿಂದ ಕುಡಿಯುವ ನೀರು ತರಲು ಜೀಪು ಹತ್ತಿ ಹೋದಳು.

ನಾನು ನನ್ನ ಕಡೆ ಮಲಗಿದೆ. ಅವರ ಕಡೆ ಖಾಲಿ. ಕಿಟಕಿಯಲ್ಲಿ ನದಿ. "ಬಂದೆ ನೋಡಿ" ಎಂದೆ. "ಸಾಕಾ?" ಎಂದು ಯಾರೂ ಕೇಳಲಿಲ್ಲ. ಅಳು ಬಂತು. ಮೂಗು ಒರೆಸಲು ಬಟ್ಟೆ ಬಾಗಿಲ ಹತ್ತಿರದ ಚೀಲದಲ್ಲಿತ್ತು. ಎದ್ದು ಹೋದೆ.

ಕೆಳಗೆ ಡಬ್ಬ "ಚಟ್" ಎಂದಿತು. ಪೆಟ್ಟಿಗೆ ಬಾಗಿಲ ಕಡೆಗೆ ವಾಲಿತು. ಹಿಂದಕ್ಕೆ ಓಡಿ ಹಾಸಿಗೆಯ ಮೇಲೆ ಕೂತೆ. ವಾಲುವುದು ನಿಂತಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ನೆಲ ನಿಜವಾಗಿಯೂ ಡೊಂಕು! ಅಳುವುದಕ್ಕೂ ಅಲುಗಾಡದೆ ಅಳಬೇಕು. ಅದು ಸಾಧ್ಯವೇ? ಅಳು ನಿಂತುಹೋಯಿತು.

ನಾದಿನಿ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಇದೇನು, ಮನೆ ತಲೆ ಬಾಗಿಸಿ ನಮಸ್ಕಾರ ಮಾಡ್ತಿದೆ?"

"ಬಾಗಿಲಿಗೆ ಬಂದ್ರೆ ಬೀಳುತ್ತೆ ಕಣೇ!"

"ಅಲ್ಲಾಡ್ಬೇಡಿ. ನಾನು ಒಳಗೆ ಬಂದು ಹಾಸಿಗೆ ಮೇಲೆ ಭಾರಕ್ಕೆ ಕೂರ್ತೀನಿ. ನೀವು ಇಳೀರಿ."

"ಬೇಡ ಕಣೇ, ಹತ್ಬೇಡ..."

ಭಾರಕ್ಕೆ ಕೂರಬೇಕಾದರೆ ಮೊದಲು ಬಾಗಿಲಲ್ಲಿ ಹತ್ತಬೇಕು. ಹತ್ತಿದಳು. ಡಬ್ಬ ಒಡೆಯಿತು. ಗುಂಡಿಗಳೆಲ್ಲ ಮರಳು ಪಾಲು! ಆ ಕಡೆಯ ಕಬ್ಬಿಣದ ಕಾಲು ಪೂರ್ತಿ ಹೂತು, ಬಾಗಿಲಿನ ಮೂಲೆ ನೆಲಕ್ಕೆ ಕುಕ್ಕರಿಸಿತು. ಬಾಗಿಲು ಧಡಾರೆಂದು ತಾನೇ ಮುಚ್ಚಿಕೊಂಡು ಚೌಕಟ್ಟಿನಲ್ಲಿ ಕಚ್ಚಿತು. ತಳ್ಳಿದೆವು, ಒದ್ದೆವು, ಬೈದೆವು. ಕಿಟಕಿಯಲ್ಲಿ ಅವಳ ತಲೆ ಹೋಯಿತು, ಹೆಗಲು ಹೋಗಲಿಲ್ಲ. ಫೋನು ಜೀಪಿನಲ್ಲಿ. ನೀರೂ ಜೀಪಿನಲ್ಲಿ!

"ಬಡಗಿ ಬರೋವರೆಗೆ ಏನ್ಮಾಡೋದು?" ಎಂದಳು.

"ಮಲಗೋದು. ಅದಕ್ಕೇ ತಾನೇ ಬಂದದ್ದು?"

ಅವಳು ಅಣ್ಣನ ದಿಂಬನ್ನು ನೋಡಿದಳು. ನನ್ನನ್ನು ನೋಡಿದಳು. ನಾನು ದಿಂಬು ತಟ್ಟಿ ಕೊಟ್ಟೆ. ಅವಳು ಮಲಗಿದ್ದೇ ತಡ, ಇಳಿಜಾರಿಗೆ ಇಬ್ಬರೂ ಜಾರಿ ಒಂದಾದೆವು. ಅವಳ ಮೊಣಕೈ ನನ್ನ ಪಕ್ಕೆಯಲ್ಲಿ, ನನ್ನ ಮಂಡಿ ಅವಳ ಹೊಟ್ಟೆಯಲ್ಲಿ.

"ನೆಟ್ಟಗೆ ನಿಲ್ಲಲಿಲ್ಲ" ಎಂದೆ ಮೆಲ್ಲಗೆ. "ಶರತ್ತು ಸೋತೆ. ಗುಜರಿಯವನನ್ನ ಕರೆಸು."

ಅವಳು ಚಾವಣಿ ನೋಡುತ್ತಿದ್ದಳು. ಕಣ್ಣು ಒರೆಸಿಕೊಂಡಳು. "ಅಣ್ಣ ಇದ್ದಿದ್ರೆ ಹೊರಗೆ ನಿಂತ್ಕೊಂಡು ನಗ್ತಿದ್ದ. ಬಾಗಿಲೂ ತೆಗೀತಿರಲಿಲ್ಲ."

"ಹೌದು ಕಣೇ."

"ವ್ಯಾನಿಗೆ ಬಿಸಿಲೇನೂ ಕೆಟ್ಟದ್ದಲ್ಲ ಬಿಡಿ" ಎಂದು ಆ ಕಡೆ ಹೊರಳಿದಳು.

ಮರುಗಳಿಗೆ ಗೊರಕೆ! ಅದು ಅವರ ಮನೆತನದ್ದೇ ಗೊರಕೆ. ಇಷ್ಟು ವರ್ಷ ನನ್ನ ತಲೆಗೆ ಕಟ್ಟಿದ್ದರು. ಅದನ್ನು ಕೇಳುತ್ತ ಕೇಳುತ್ತ ನನಗೂ ನಿದ್ದೆ ಹತ್ತಿತು. ಅವರು ಹೋದ ಮೇಲೆ ಅಂಥ ನಿದ್ದೆ ಬಂದಿರಲಿಲ್ಲ.

ಎಚ್ಚರವಾದಾಗ ಬಡಗಿ ಹೊರಗಿನಿಂದ ಬಾಗಿಲು ಮೀಟುತ್ತಿದ್ದ. ತೆರೆದು ಒಳಗೆ ನೋಡಿದ. ಡೊಂಕು ಮೂಲೆಯಲ್ಲಿ ಒಬ್ಬರ ಮೇಲೊಬ್ಬರು ಇಬ್ಬರು ಹೆಂಗಸರು.

"ಅಯ್ಯೋ ಅಕ್ಕಾ, ಏನಾಯ್ತು?"

ಇಸ್ತ್ರಿ ಹಲಗೆಯ ಕಥೆಯನ್ನು ಒಪ್ಪಿಕೊಂಡುಬಿಡೋಣ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಾದಿನಿ ನನ್ನ ಮಂಡಿಯನ್ನು ತನ್ನ ಹೊಟ್ಟೆಯಿಂದ ಸರಿಸುತ್ತ ಗದರಿದಳು:

"ಆಗೋದೇನು? ಇವರು ಅಳತೇಲಿ ಜಿಪುಣತನ ಮಾಡಿದ್ದಾರೆ! ಸುತ್ತ ಇನ್ನೆರಡು ಬೆರಳು ಬಿಡೋಕೆ ಏನಾಗಿತ್ತು ಅಂತ ಕೇಳು!"