ಸಾಹೇಬರ ಮೀನುಗಳಿಗೆ ಅಮ್ಮ ಬಂದದ್ದು

ದಾದರ್, ಮುಂಬಯಿ
ಜುಲೈ, ೧೯೭೩

ಫೋರ್ಟಿನ ನಮ್ಮ ಕಂಪನಿಯ ಜನರಲ್ ಮ್ಯಾನೇಜರ್ ಸಾಹೇಬರ ದಿವ್ಯ ಸನ್ನಿಧಿಗೆ, ಬಿಲ್ ವಿಭಾಗದ ಹಿರಿಯ ಗುಮಾಸ್ತ ಶಾಮಣ್ಣನು ಎಷ್ಟು ಬಗ್ಗಬಹುದೋ ಅಷ್ಟು ಬಗ್ಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಪಂಚಗಣಿಯ ತಂಪಿನಲ್ಲಿ ಬೇಸಿಗೆ ಕಳೆದು, ಕೆನ್ನೆಗೆ ಸ್ಟ್ರಾಬೆರಿಯ ಬಣ್ಣ ಬರಿಸಿಕೊಂಡು ತಾವು ಸಕುಟುಂಬ ಸುಕ್ಷೇಮವಾಗಿ ಮರಳಿದ್ದನ್ನು ಕಂಡು, ತಮ್ಮ ಗೈರುಹಾಜರಿಯಲ್ಲಿ ಹೇಗೋ ಉಸಿರಾಡಿಕೊಂಡಿದ್ದ ನಮ್ಮ ಇಡೀ ಆಫೀಸು ಕೃತಾರ್ಥವಾಗಿದೆ. ಇಂಥ ಸಂತೋಷದ ಹೊತ್ತಿನಲ್ಲಿ ಸತ್ತ ಮೂರು ಮೀನುಗಳ ವಿಚಾರವೆತ್ತುವುದು ಗುಮಾಸ್ತನಾದವನಿಗೆ ಶೋಭಿಸುವ ಕೆಲಸವಲ್ಲವೆಂದು ಬಲ್ಲೆ. ಆದರೆ ಅವು ನನ್ನ ಅಜಾಗ್ರತೆಯಿಂದ ತೀರಿಕೊಂಡವೆಂದೂ, ಅದಕ್ಕಾಗಿಯೇ ನನ್ನನ್ನು ನಾಗಪುರಕ್ಕೆ ಎತ್ತಿಹಾಕಲಾಯಿತೆಂದೂ ಫೋರ್ಟಿನಿಂದ ಪರೇಲಿನ ಗೋಡೌನಿನವರೆಗೆ ಕಂಪನಿಯ ಜನರೆಲ್ಲ ಆಡಿಕೊಳ್ಳುತ್ತಿರುವುದರಿಂದ, ನಡೆದದ್ದನ್ನು ನಾಲ್ಕು ಜನರ ಮುಂದಿಡದೆ ನನಗೆ ಗತಿಯಿಲ್ಲ.

ಏಪ್ರಿಲ್ ಕೊನೆಯಲ್ಲಿ ತಾವು ನನ್ನನ್ನು ಕ್ಯಾಬಿನ್ನಿಗೆ ಕರೆಸಿದಾಗ ವರ್ಗದ ಆರ್ಡರೇ ಬಂತೆಂದುಕೊಂಡದ್ದು ನಿಜ. ನಮ್ಮ ವಿಭಾಗದಿಂದ ಒಬ್ಬನನ್ನು ನಾಗಪುರ ಶಾಖೆಗೆ ವರ್ಗ ಮಾಡಲಿದ್ದಾರೆಂಬ ಸುದ್ದಿ ಆಗಲೇ ಕ್ಯಾಂಟೀನಿನ ಚಹಾದ ಜೊತೆ ಮೇಜಿನಿಂದ ಮೇಜಿಗೆ ಹರಿದಾಡುತ್ತಿತ್ತು. ನನ್ನ ಮಗಳು ವಿಮಲಾ ಬರುವ ವರ್ಷ ಮ್ಯಾಟ್ರಿಕ್‌ಗೆ ಕೂರಬೇಕು. ಒಂದನೇ ಕ್ಲಾಸಿನಿಂದ ಕನ್ನಡ ಶಾಲೆಯಲ್ಲೇ ಓದಿದ ಹುಡುಗಿಗೆ ನಾಗಪುರದಲ್ಲಿ ನಾನು ಯಾವ ಕನ್ನಡ ಶಾಲೆಯನ್ನು ಹುಡುಕಲಿ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ತಾವಾದರೋ ನಾಗಪುರದ ಮಾತೇ ಆಡದೆ, ತಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿರುವ ಮೀನುಗಳನ್ನು ತಾವು ಬೆಟ್ಟದಿಂದ ಇಳಿದು ಬರುವವರೆಗೆ ನೋಡಿಕೊಳ್ಳಬೇಕೆಂದು ಅಪ್ಪಣೆ ಮಾಡಿದಿರಿ. ನನ್ನನ್ನೇ ಏಕೆ ಆರಿಸಿದಿರೆಂಬುದಕ್ಕೆ ತಾವು ನಗುತ್ತ ಕೊಟ್ಟ ಕಾರಣ, "ತುಮ್ ಲೋಗ್ ತೋ ಮಛಲೀ ಖಾತೇ ನಹೀಂ" ಎಂಬುದು, ನಾವು ಮೀನು ತಿನ್ನುವವರಲ್ಲವಲ್ಲ!

ಎಂಥ ದೂರದೃಷ್ಟಿ! ಗೋವೆಯವರು, ಬಂಗಾಳದವರು, ಕೇರಳದವರು ಎಂದು ಮೀನಿನ ರುಚಿ ಬಲ್ಲವರೇ ತುಂಬಿರುವ ಆಫೀಸಿನಲ್ಲಿ, ಮೀನನ್ನು ತಟ್ಟೆಯಲ್ಲಾಗಲಿ ತೊಟ್ಟಿಯಲ್ಲಾಗಲಿ ಕಂಡರಿಯದ ಒಬ್ಬ ಮೈಸೂರು ಕಡೆಯ ಪುಳಿಚಾರಿನವನನ್ನು ತಾವು ಹೆಕ್ಕಿ ತೆಗೆದಿರಿ. ನಾನು ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದು ನಾಗಪುರದ ಬಗ್ಗೆ ಕೇಳಿದ್ದಕ್ಕೆ, ಬಂದ ಮೇಲೆ ನೋಡೋಣ ಎಂದಿರಿ. ಆ ಒಂದು ಮಾತನ್ನು ನಾನು ಲೋಕಲ್ ಟ್ರೇನಿನಲ್ಲಿ ಜೋಪಾನವಾಗಿ ಹಿಡಿದುಕೊಂಡು ಮನೆಗೆ ಬಂದೆ. ಮಾರನೆಯ ದಿನ ತಮ್ಮ ಡ್ರೈವರು ತೊಟ್ಟಿ, ಗೊರಗೊರ ಎನ್ನುವ ಗಾಳಿಯ ಪಂಪು, ಒಣಹುಳುಗಳ ಡಬ್ಬಿ, ಮತ್ತು ಹಸಿರುಗಟ್ಟಿದ ನೀರಿನ ಬಕೆಟ್ಟಿನಲ್ಲಿ ಎರಡು ಬಂಗಾರದ ಬಣ್ಣದ ಮೀನು, ಒಂದು ಉಬ್ಬುಗಣ್ಣಿನ ಕಪ್ಪು ಮೀನನ್ನು ನಮ್ಮ ಚಾಳಿನ ಮೆಟ್ಟಿಲು ಹತ್ತಿಸಿ ಬೆವರೊರೆಸಿಕೊಂಡು ಹೋದ.

ನನ್ನ ಹೆಂಡತಿ ರಮಾಮಣಿಯ ಬಗ್ಗೆ ತಮಗೆ ತಿಳಿಯದು. ದಾದರಿನ ಮೀನು ಮಾರ್ಕೆಟ್ಟು ಬಂದರೆ ಮೂಗಿಗೆ ಸೆರಗು ಹಿಡಿದು ಆಚೆ ಬದಿಯ ಫುಟ್‌ಪಾತಿಗೆ ದಾಟುವ ಹೆಂಗಸು ಅವಳು. ಅಂಥವಳು ದೇವರ ಗೂಡಿನ ಕೆಳಗೇ ತಮ್ಮ ತೊಟ್ಟಿಗೆ ಜಾಗ ಮಾಡಿಕೊಟ್ಟು, "ಮೀನು ಸಾಕಿದ್ರೆ ಮಗು ಸ್ಕೂಲು ಉಳಿಯುತ್ತೆ ಅಂದ್ರೆ ಸಾಕೋಣ ಬಿಡಿ. ಮತ್ಸ್ಯಾವತಾರ ಅಂದ್ಕೋತೀನಿ" ಎಂದಳು. ಹುಳುವಿನ ಡಬ್ಬಿ ಮಾತ್ರ ಬಾಲ್ಕನಿಯಲ್ಲೇ ಉಳಿಯಿತು. ಊಟ ಹಾಕುವ ಭಾಗ್ಯ ನನ್ನದಾಯಿತು, ಹಾಕಿದ ಮೇಲೆ ಪ್ರತಿ ಸಲ ಸ್ನಾನ ಮಾಡುವ ಭಾಗ್ಯವೂ ನನ್ನದೇ ಆಯಿತು.

ಇನ್ನು ನೀರಿನ ವಿಚಾರ. ನಮ್ಮ ಮನೆಗಳಲ್ಲಿ ರಾತ್ರಿ ಕಳೆದ ನೀರಿಗೆ ಮರ್ಯಾದೆಯಿಲ್ಲ. ಬೆಳಿಗ್ಗೆ ನಲ್ಲಿ ಬಂತೆಂದರೆ ನಿನ್ನೆಯ ನೀರನ್ನೆಲ್ಲ ಮೋರಿಗೆ ಸುರಿದು, ಹುಣಸೆಹಣ್ಣು ಹಾಕಿ ಬಿಂದಿಗೆ ಬೆಳಗಿ, ಹೊಸ ನೀರು ತುಂಬಿದ ಮೇಲೆಯೇ ಒಲೆ ಹಚ್ಚುವುದು. ಸಾಹೇಬರ ಮನೆಯ ಮೀನು ಪಾಚಿ ಹಿಡಿದ ನೀರಿನಲ್ಲಿ ಬಿದ್ದಿರುವುದನ್ನು ಕಂಡು ರಮಾಮಣಿಗೆ ಕರುಳು ಚುರುಕ್ಕೆಂದಿತು. ಅಂದಿನಿಂದ ಬಿಂದಿಗೆಗಳ ಸಾಲಿಗೆ ತಮ್ಮ ತೊಟ್ಟಿಯೂ ಸೇರಿತು. ದಿನಾ ಬೆಳಿಗ್ಗೆ ಮೀನುಗಳನ್ನು ಪಾತ್ರೆಗೆ ಹಾಕಿ, ತೊಟ್ಟಿಯನ್ನು ಹುಣಸೆಹಣ್ಣಿನಿಂದ ಉಜ್ಜಿ, ನಲ್ಲಿಯಿಂದ ಆಗಷ್ಟೇ ಇಳಿದ, ಮುನಿಸಿಪಾಲಿಟಿಯವರ ಔಷಧಿಯ ಪುಡಿ ಘಮ್ಮೆನ್ನುವ ಶುದ್ಧಾತಿಶುದ್ಧ ನೀರನ್ನು ಅಂಚಿನವರೆಗೆ ತುಂಬಿಸುತ್ತಿದ್ದಳು. ನೀರಿನ ಕಡಿತದ ಬೇಸಿಗೆಯಲ್ಲಿ ನಮ್ಮ ಸ್ನಾನ ಒಂದು ಚೊಂಬಿಗೆ ಇಳಿದಿತ್ತು, ತಮ್ಮ ಮೀನುಗಳಿಗೆ ಮಾತ್ರ ದಿನವೂ ಅಭ್ಯಂಜನ.

ಇಷ್ಟು ಉಪಚಾರ ಪಡೆದ ಮೀನುಗಳು ಕೃತಜ್ಞತೆಯಿಂದ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಆಮೇಲೆ ರೆಕ್ಕೆ ಮುದುರಿಕೊಂಡು ಮೂಲೆ ಹಿಡಿದವು. ಒಂದು ಬೆಳಿಗ್ಗೆ ನೋಡಿದರೆ ಮೂರರ ಮೈಮೇಲೂ ಬಾಂಬೆ ರವೆ ಉದುರಿಸಿದಂತೆ ಬಿಳಿಯ ಚುಕ್ಕೆಗಳು. ನನ್ನ ಕಣ್ಣ ಮುಂದೆ ನಾಗಪುರದ ಸ್ಟೇಷನ್ನು ಬಂದು ನಿಂತಿತು. ನಮ್ಮ ಚಾಳಿನ ಗೇಟಿನಲ್ಲಿ ಬುಟ್ಟಿಯಿಟ್ಟು ಕೂರುವ ಮೀನಿನ ನೀಲಾಬಾಯಿಯನ್ನು ನಾನೇ ಮೆಟ್ಟಿಲು ಹತ್ತಿಸಿ ಕರೆತಂದೆ. ಚಾಳಿನ ಜನ ಬಾಗಿಲುಗಳಿಗೆ ಬಂದು, ಶಾಮಣ್ಣನ ಮನೆಗೆ ಮೀನಿನವಳು ಎಂದು ಬೆರಗಾಗಿ ನಿಂತರು. ಅವಳು ತೊಟ್ಟಿಗೆ ಕಣ್ಣಿಟ್ಟು ನೋಡಿ, "ಮೇಲೇಲಾ ಮಾಸಾ ಮಲಾ ಸಮಜತೋ ಸಾಹೇಬ್, ಆಜಾರೀ ನಾಹೀ" ಎಂದುಬಿಟ್ಟಳು. ಸತ್ತ ಮೀನಾದರೆ ಅವಳಿಗೆ ಅರ್ಥವಾಗುತ್ತದೆ, ಕಾಯಿಲೆಯ ಮೀನು ಅವಳ ವ್ಯಾಪಾರವಲ್ಲ.

ಕಡೆಗೆ ರೋಗ ಪತ್ತೆ ಹಚ್ಚಿದವಳು ರಮಾಮಣಿಯೇ. ಮೈಯೆಲ್ಲ ಗುಳ್ಳೆ, ಊಟ ಬೇಡ, ಮಂಕು. ಇದರಲ್ಲಿ ಅನುಮಾನವೇನು ಬಂತು, ಅಮ್ಮ ಬಂದಿದ್ದಾಳೆ. ಮಾನ್ಯರೇ, ತಮ್ಮ ಮೀನುಗಳಿಗೆ ನಮ್ಮ ಮನೆಯಲ್ಲಿ ನಡೆದ ಶುಶ್ರೂಷೆ ತಮ್ಮ ಮಕ್ಕಳಿಗೂ ನಡೆದಿರಲಾರದು. ತೊಟ್ಟಿಯ ನಾಲ್ಕು ಮೂಲೆಗೂ ಬೇವಿನ ಸೊಪ್ಪು ಕಟ್ಟಿದಳು. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಚಟಪಟ ಎನ್ನಬಾರದೆಂದು, ನಾನೂ ವಿಮಲಾಳೂ ಸಪ್ಪೆ ಬೇಳೆ, ಮೊಸರನ್ನ ತಿಂದುಕೊಂಡಿದ್ದೆವು. ಹೊರಗಿನಿಂದ ಬಂದವರು ಕಾಲು ತೊಳೆಯದೆ ತೊಟ್ಟಿಯ ಹತ್ತಿರ ಸುಳಿಯುವಂತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಮ್ಮ ಬಂದವರ ಮೈಗೆ ಹೊಸ ನೀರು ಸೋಕಿಸಬಾರದಲ್ಲವೇ? ಹಾಗಾಗಿ ಬೆಳಗಿನ ಅಭ್ಯಂಜನ ನಿಂತಿತು. ತೊಟ್ಟಿಯ ನೀರು ಹಳೆಯದಾಯಿತು, ಮಬ್ಬಾಯಿತು, ಮತ್ತೆ ಹಸಿರಾಯಿತು.

ಮೀನುಗಳು ಚೇತರಿಸಿಕೊಂಡವು! ಚುಕ್ಕೆಗಳು ಒಂದೊಂದಾಗಿ ಮಾಯವಾಗಿ, ಕಪ್ಪು ಮೀನು ಬಾಲ ಬೀಸಿಕೊಂಡು ತೊಟ್ಟಿಯ ಉದ್ದಗಲಕ್ಕೂ ಓಡಾಡತೊಡಗಿತು. ರಮಾಮಣಿ ಬೆರಳಿನಿಂದ ಗಾಜು ತಟ್ಟಿದರೆ ಮೂರೂ ಓಡಿ ಬರುತ್ತಿದ್ದವು. ಮೀನಿನ ವಾಸನೆಗೆ ಮೂಗು ಮುಚ್ಚುತ್ತಿದ್ದವಳು ಈಗ ಒಣಹುಳುವಿನ ಡಬ್ಬಿಗೆ ತಾನೇ ಕೈ ಹಾಕುತ್ತಿದ್ದಳು. ನಾನು ಆ ದಿನಗಳಲ್ಲಿ ಬಹಳ ಸುಖವಾಗಿದ್ದೆ, ವಿಮಲಾಳ ಹೊಸ ಪುಸ್ತಕಗಳಿಗೆ ಬೈಂಡು ಕೂಡ ಹಾಕಿಸಿದೆ.

ಆದರೆ ಅಮ್ಮ ಇಳಿದ ಮೇಲೆ ನೀರು ಹಾಕುವ ಶಾಸ್ತ್ರವೊಂದಿದೆ. ಬೇವು, ಅರಿಶಿನ ಹಾಕಿದ ಹೊಸ ನೀರಿನಲ್ಲಿ ತಲೆಗೆ ಸ್ನಾನ ಮಾಡಿಸದೆ ರೋಗಿಯನ್ನು ಎಬ್ಬಿಸಿ ಓಡಾಡಿಸುವುದುಂಟೇ? ಮಳೆ ಹಿಡಿದು, ನಲ್ಲಿಯ ನೀರಿಗೆ ಔಷಧಿಯ ಪುಡಿ ಇನ್ನಷ್ಟು ಬಿದ್ದಿದ್ದ ಒಂದು ಶುಕ್ರವಾರ, ತಮ್ಮ ಮೀನುಗಳಿಗೆ ಆರತಿಯೆತ್ತಿ ನೀರು ಹಾಕಲಾಯಿತು. ಸಂಜೆ ನಾನು ಆಫೀಸಿನಿಂದ ಬರುವಷ್ಟರಲ್ಲಿ ಮೂರೂ ಅರಿಶಿನದ ನೀರಿನಲ್ಲಿ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ರಮಾಮಣಿ ಊಟ ಬಿಟ್ಟು ತೊಟ್ಟಿಯ ಮುಂದೆ ಕೂತಿದ್ದಳು. ಮಗುವಿನ ಶಾಲೆಯನ್ನು ನನ್ನ ಕೈಯಾರೆ ಕೊಂದೆ ಎಂದು ಅತ್ತಳು. ಬಾಳೆಲೆಯಲ್ಲಿ ಸುತ್ತಿ ಮೂವರೂ ಹೋಗಿ ದಾದರಿನ ಸಮುದ್ರಕ್ಕೆ ಬಿಟ್ಟು ಬಂದು ತಲೆಗೆ ಸ್ನಾನ ಮಾಡಿದೆವು. ಸೂತಕ ಎಷ್ಟು ದಿನ ಎಂದು ಯಾವ ಪುರೋಹಿತರನ್ನೂ ಕೇಳುವಂತಿರಲಿಲ್ಲ.

ತಾವು ಮರಳಿದ ದಿನ, ಕೊಂದವನು ನಾನೇ ಎಂದು ಒಪ್ಪಿಕೊಂಡುಬಿಡಬೇಕು, ಅವಳ ಹೆಸರು ಬರಬಾರದು ಎಂದು ಲೋಕಲ್ಲಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ತಮ್ಮ ಮುಂದೆ ಕೈಕಟ್ಟಿ ನಿಂತು ಬಾಯಿ ತೆರೆದೆನೋ ಇಲ್ಲವೋ, ತಾವು ಕಾಗದದಿಂದ ತಲೆಯೆತ್ತದೆ ಹೇಳಿದಿರಿ: "ಅರೇ, ವೋ ತೋ ಪೆಹಲೇ ಸೇ ಬೀಮಾರ್ ಥೀ. ಘರ್ ಮೇ ಮರತೀ ತೋ ಮೇಮ್‌ಸಾಬ್ ರೋತೀ." ಮೊದಲಿನಿಂದಲೇ ಕಾಯಿಲೆ! ತಮ್ಮ ಮನೆಯಲ್ಲಿ ಸತ್ತರೆ ಮೇಮ್‌ಸಾಹೇಬರು ಅಳುತ್ತಾರೆ, ಆದ್ದರಿಂದ ಸಾಯುವ ಕೆಲಸವನ್ನು ನನ್ನ ಮನೆಗೆ ವರ್ಗ ಮಾಡಿದಿರಿ. ಅದೇ ಉಸಿರಿನಲ್ಲಿ ತಾವು ಡ್ರಾಯರಿನಿಂದ ತೆಗೆದು ಕೊಟ್ಟ ನಾಗಪುರದ ಆರ್ಡರಿನ ಮೇಲೆ ಏಪ್ರಿಲ್ ತಿಂಗಳ ತಾರೀಖಿತ್ತು. ಮೀನುಗಳು ನಮ್ಮ ಮೆಟ್ಟಿಲು ಹತ್ತುವ ಮೊದಲೇ ತಾವು ಸಹಿ ಹಾಕಿ ಮುಗಿಸಿದ್ದಿರಿ.

ಆಮೇಲೆ ಡಿಸ್ಪ್ಯಾಚಿನ ಮೆನೆಜಿಸ್ ಮೆಟ್ಟಿಲ ಬಳಿ ನನ್ನ ಭುಜ ಹಿಡಿದು ಉಳಿದದ್ದನ್ನು ತಿಳಿಸಿದ. ತಾವು ಮೀನುಗಳನ್ನು ಮೊದಲು ತೋರಿಸಿದ್ದು ಅವನಿಗೆ. ಬಾಂದ್ರಾದ ಮನೆಯಲ್ಲಿ ತಾನೂ ಮೀನು ಸಾಕುವ ಅವನು ಒಂದು ನೋಟಕ್ಕೇ, ಇವು ಉಳಿಯುವುದಿಲ್ಲ ಎಂದು ಕೈಮುಗಿದನಂತೆ. ಆ ಮೇಲೆ ನನ್ನ ನೆನಪು ತಮಗೆ ಬಂದಿತು. ಮೀನು ತಿನ್ನದವನು ಎಂದಲ್ಲ, ಕಾಯಿಲೆಯ ಮೀನಿಗೂ ಗಟ್ಟಿ ಮೀನಿಗೂ ವ್ಯತ್ಯಾಸ ತಿಳಿಯದವನು ಎಂದು. ಔಷಧಿಯ ಪುಡಿ ಬೆರೆತ ನಲ್ಲಿಯ ಹೊಸ ನೀರು ಮೀನಿಗೆ ವಿಷ, ರಾತ್ರಿ ಕಳೆದ ನೀರೇ ಅಮೃತ ಎಂಬುದನ್ನೂ ಅವನೇ ಹೇಳಿದ, ಎಲ್ಲ ಮುಗಿದ ಮೇಲೆ ಹೇಳುವವರು ಹೇಳುವ ಹಾಗೆ.

ಆದ್ದರಿಂದ ಮಾನ್ಯರಲ್ಲಿ ಸವಿನಯ ಬಿನ್ನಹಗಳು. ರಜೆ ಮಂಜೂರು ಮಾಡಿಸಿಕೊಳ್ಳದೆ ಲೋಕ ಬಿಟ್ಟು ಹೋದ ಆ ಮೂವರು ನೌಕರರಿಗೆ ಮೆಮೊ ಕಳಿಸಿ ವಿವರಣೆ ಕೇಳಬೇಕು, ಅರಬ್ಬೀ ಸಮುದ್ರದ ವಿಳಾಸ ನನ್ನಲ್ಲಿದೆ. ತಾವು ಬರೆದು ಮುಚ್ಚಿದ್ದ ಸಾವನ್ನು ಒಂದು ಸಲ ಹಿಂದಕ್ಕೆ ತಳ್ಳಿದ ನನ್ನ ಹೆಂಡತಿಯನ್ನು ಕಂಪನಿಯ ಮುಖ್ಯ ವೈದ್ಯೆಯೆಂದು ನೇಮಿಸಬೇಕು. ನಾಗಪುರಕ್ಕೆ ಹೋಗುವ ರೈಲನ್ನು ಮಗಳ ಮ್ಯಾಟ್ರಿಕ್ ಮುಗಿಯುವವರೆಗೆ ದಾದರ್ ಸ್ಟೇಷನ್ನಿನಲ್ಲಿ ನಿಲ್ಲಿಸಿಕೊಂಡಿರುವಂತೆ ರೈಲ್ವೆಯವರಿಗೆ ಒಂದು ಮಾತು ಹೇಳಬೇಕು. ಇದಾವುದೂ ಆಗದಿದ್ದರೆ ಪರವಾಗಿಲ್ಲ, ತಮಗೆ ಕೆಲಸ ಬಹಳ. ತಾಯಿ ಮಗಳನ್ನು ಚಾಳಿನಲ್ಲೇ ಬಿಟ್ಟು ನಾನೊಬ್ಬನೇ ಹೋಗುತ್ತಿದ್ದೇನೆ.

ಮೊನ್ನೆ ಮನೆಗೆ ಹೋಗಿ ರಮಾಮಣಿಗೆ ನಿಜ ಹೇಳಿದೆ, ನಿನ್ನ ತಪ್ಪಲ್ಲ, ಸಾಯಲೆಂದೇ ಕಳಿಸಿದ್ದರು ಎಂದೆ. ಅವಳ ಎದೆಯ ಭಾರ ಇಳಿಯುತ್ತದೆಂದು ನನ್ನ ಲೆಕ್ಕಾಚಾರ. ಅವಳು, "ಬದುಕಿದ್ವಲ್ಲ ರೀ, ಒಂದ್ಸಲ ಬದುಕಿದ್ವಲ್ಲ" ಎಂದಳು. ಮಾನ್ಯರೇ, ಮುಂದೆ ಸಾಯುವವರನ್ನು ಯಾರ ಮನೆಗಾದರೂ ಕಳಿಸುವುದಿದ್ದರೆ, ಸಾಯುವವರೆಂದು ಹೇಳಿ ಕಳಿಸಿ. ಹೇಳದೆ ಕಳಿಸಿದರೆ ಕೆಲವು ಮನೆಗಳಲ್ಲಿ ಅವರನ್ನು ಬದುಕಿಸಲು ಹೊರಟುಬಿಡುತ್ತಾರೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಶಾಮಣ್ಣ

ವಿ.ಸೂ.: ಈ ಪತ್ರ ಇಲ್ಲಿನ ಕನ್ನಡ ಮಾಸಪತ್ರಿಕೆಯೊಂದರಲ್ಲಿ ಅಚ್ಚಾಗಿ ತಮ್ಮ ಮೇಜಿಗೆ ಬರುತ್ತದೆ. ಇದರಲ್ಲಿ ತಮ್ಮ ಬಗ್ಗೆ ಏನು ಬರೆದಿದೆ ಎಂದು ತಿಳಿಯುವ ಕುತೂಹಲ ತಮಗೆ ಸಹಜ. ಆದರೆ ನಮ್ಮ ಆಫೀಸಿನಲ್ಲಿ ಕನ್ನಡ ಓದಿ ಅರ್ಥ ಹೇಳಬಲ್ಲ ಏಕೈಕ ಗುಮಾಸ್ತನನ್ನು ತಾವು ಏಪ್ರಿಲ್ ತಿಂಗಳಲ್ಲೇ ನಾಗಪುರಕ್ಕೆ ವರ್ಗ ಮಾಡಿದ್ದೀರಿ.